ಕೂಲಿ ಡಾಕ್ಟರರ ಅಪ್ಪ

ಕಳೆದ ಭಾನುವಾರ ಬೆಳಿಗ್ಗೆ ಐರೋಲಿಯಲ್ಲಿರುವ ನನ್ನ ಮಗಳ ಡೆಂಟಲ್ ಕ್ಲಿನಿಕ್ಕಿನ ಮುಂದೆ ಹದಿನಾಲ್ಕು ಮಂದಿ ಕ್ಯೂ ನಿಂತಿದ್ದರು.

ಒಬ್ಬರಿಗೂ ಹಲ್ಲುನೋವಿರಲಿಲ್ಲ.

ಆದರೆ ಅದು ನನಗೆ ಗೊತ್ತಾದದ್ದು ಆಮೇಲೆ. ಕ್ಯೂ ಕಂಡ ಕೂಡಲೇ ನಾನು ಮಾಡಿದ ಮೊದಲ ಕೆಲಸ ಏನು ಹೇಳಿ? ಮೊಬೈಲ್ ತೆಗೆದು ಫೋಟೋ ಹೊಡೆದು ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಕೆಳಗೆ 'ಸಂಡೇ ರಶ್' ಎಂದು ಬರೆದೆ. ಎರಡು ನಿಮಿಷದಲ್ಲಿ ಹೆಬ್ಬೆಟ್ಟುಗಳ ಸುರಿಮಳೆ. ಇಂಥ ಅಪ್ಪನನ್ನು ಕಟ್ಟಿಕೊಂಡು ಆ ಹುಡುಗಿ ಇಷ್ಟು ವರ್ಷ ಹೇಗೆ ಸುಧಾರಿಸಿದಳೋ ದೇವರೇ ಬಲ್ಲ.

ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ. ನಿಶ್ಮಿತಾಳನ್ನು ಡೆಂಟಿಸ್ಟ್ ಮಾಡಿದ್ದು ನಾನು. ಅವಳು ಹನ್ನೆರಡನೇ ಕ್ಲಾಸ್ ಮುಗಿಸಿದ ವರ್ಷ ಡೊಂಬಿವಲಿಯಲ್ಲಿ ನಮ್ಮವರ ಸಂಘದ ಪ್ರತಿಭಾ ಪುರಸ್ಕಾರವಿತ್ತು. ಮುಖ್ಯ ಅತಿಥಿಗಳು ಕಲ್ಯಾಣ್-ಶೀಳ್ ರೋಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದರು. "ಪೇಪರಿನಲ್ಲಿ ಬರೆಯುತ್ತೀರಲ್ಲ ಸುವರ್ಣರೇ, ಅವರು ಬರುವ ತನಕ ಎರಡು ಮಾತಾಡಿ" ಎಂದು ನನ್ನ ಕೈಗೆ ಮೈಕು ಕೊಟ್ಟರು. ನನ್ನಂಥವರ ಕೈಗೆ ಮೈಕು ಕೊಡಬಾರದು.

ನಾನು ಶುರುಮಾಡಿದೆ. "ಬಂಧುಗಳೇ, ಮನುಷ್ಯನಿಗೆ ಹೃದಯ ಎಷ್ಟು? ಒಂದು. ಕಿಡ್ನಿ? ಎರಡು. ಹಲ್ಲು? ಮೂವತ್ತೆರಡು! ಹಾಗಾದರೆ ಯಾವ ಡಾಕ್ಟರಿಗೆ ಕೆಲಸ ಜಾಸ್ತಿ?"

ಚಪ್ಪಾಳೆಯೋ ಚಪ್ಪಾಳೆ. ಹಿಂದಿನ ಸಾಲಿನಲ್ಲಿ ಯಾರೋ ಸೀಟಿ ಕೂಡ ಹೊಡೆದರು. ಆ ಭಾಷಣವನ್ನು ಮರುವಾರ ಇದೇ ಅಂಕಣದಲ್ಲಿ ಅಚ್ಚು ಹಾಕಿಸಿ ಮತ್ತೊಮ್ಮೆ ಬೆನ್ನು ತಟ್ಟಿಸಿಕೊಂಡೆ. (ಈ ಅಂಕಣವನ್ನು ಮೊದಲಿನಿಂದ ಓದುತ್ತಿರುವ ಮೂರ್ನಾಲ್ಕು ಮಂದಿಗೆ ನೆನಪಿರಬಹುದು. ಇದ್ದರೆ ದಯವಿಟ್ಟು ಮರೆತುಬಿಡಿ.) ಅದನ್ನು ಓದಿ ಡೊಂಬಿವಲಿಯ ಮೂರು ಮನೆಯವರು ಮಕ್ಕಳನ್ನು ಬಿಡಿಎಸ್‌ಗೆ ಸೇರಿಸಿದರು. ನಾಲ್ಕನೆಯವಳು ನನ್ನ ಮಗಳು. ಆ ಮೂರು ಮನೆಯವರು ಈಗ ಮದುವೆ ಹಾಲಿನಲ್ಲಿ ನಾನು ಎಡಕ್ಕೆ ಬಂದರೆ ಬಲಕ್ಕೆ ಹೋಗುತ್ತಾರೆ.

ಯಾಕೆ ಎಂದು ಕೇಳುತ್ತೀರಾ? ಒಮ್ಮೆ ಐರೋಲಿ ಸ್ಟೇಷನ್ನಿನಿಂದ ನಮ್ಮ ಹೌಸಿಂಗ್ ಸೊಸೈಟಿಗೆ ನಡೆದುಕೊಂಡು ಬನ್ನಿ. ದಾರಿಯಲ್ಲಿ ಹನ್ನೊಂದು ಡೆಂಟಲ್ ಬೋರ್ಡುಗಳಿವೆ. ನಗುವ ಹಲ್ಲು, ಹೊಳೆಯುವ ಹಲ್ಲು, ಟೋಪಿ ಹಾಕಿದ ಹಲ್ಲು, ಕೈಯಲ್ಲಿ ಬ್ರಷ್ ಹಿಡಿದು ಕುಣಿಯುವ ಹಲ್ಲು. ನಡುವೆ ಬ್ರೆಡ್ ಕೊಳ್ಳಲು ಒಂದು ಅಂಗಡಿ ಹುಡುಕಬೇಕಾಗುತ್ತದೆ. ನಿಶ್ಮಿತಾಳ ಕ್ಲಿನಿಕ್ಕಿನ ಎದುರಿಗೊಂದು ಡೆಂಟಲ್ ಕ್ಲಿನಿಕ್, ತಲೆಯ ಮೇಲೆ ಫಸ್ಟ್ ಫ್ಲೋರಿನಲ್ಲಿ ಇನ್ನೊಂದು. ಮೇಲಿನವಳು ಮಾನಸಿ, ಇವಳ ಕಾಲೇಜಿನ ಕ್ಲಾಸ್‌ಮೇಟ್. ಶತ್ರುಗಳಾಗಬೇಕಿತ್ತಲ್ಲ? ಇಬ್ಬರೂ ಮಧ್ಯಾಹ್ನ ಒಟ್ಟಿಗೆ ಚಾ ಕುಡಿಯುತ್ತಾರೆ. ಬೇರೆ ಕೆಲಸವಿಲ್ಲ.

ಒಂದು ಭಾನುವಾರ ನಮ್ಮ ಸೊಸೈಟಿಯಲ್ಲಿ ಉಚಿತ ದಂತ ತಪಾಸಣೆ ಇಟ್ಟಳು. ಅದೇ ಭಾನುವಾರ ಬಿ ವಿಂಗಿನಲ್ಲಿ ಎದುರಿನ ಕ್ಲಿನಿಕ್ಕಿನವರದ್ದೂ ಉಚಿತ ತಪಾಸಣೆ. ಗೇಟಿನ ಹತ್ತಿರ ಮೂರನೆಯವರದ್ದು. ಎರಡನೇ ಮಾಳಿಗೆಯ ಕುಲಕರ್ಣಿ ಅಜ್ಜ ಮೂರೂ ಕಡೆ ಹೋಗಿ ಬಾಯಿ ತೋರಿಸಿ ಮೂರು ಟೂತ್‌ಬ್ರಷ್ ತಂದರು. ಅವರ ಬಾಯಿಯಲ್ಲಿ ಇರುವುದು ಕಟ್ಟಿಸಿದ ಹಲ್ಲು.

ಇಷ್ಟೆಲ್ಲ ನೋಡಿ ನನಗೆ ತಡೆಯಲಾಗಲಿಲ್ಲ. ಖಾಲಿ ಹೋಟೆಲಿಗೆ ಯಾರೂ ಹೋಗುವುದಿಲ್ಲ, ನಾಲ್ಕು ಜನ ಕೂತಿದ್ದರೆ ಐದನೆಯವನು ಒಳಗೆ ಬರುತ್ತಾನೆ. ಇದು ಹೋಟೆಲು ನಡೆಸಿಯೇ ಬದುಕಿದ ನಮ್ಮ ಊರಿನವರಿಗೆ ಹೇಳಿಕೊಡಬೇಕಾದ ಪಾಠವೇ? ಸರಿ, ರಜೆಯ ದಿನಗಳಲ್ಲಿ ನಾನೇ ಹೋಗಿ ಕ್ಲಿನಿಕ್ಕಿನ ಗಾಜಿನ ಬಾಗಿಲ ಹತ್ತಿರ, ಹೊರಗಿನವರಿಗೆ ಕಾಣುವಂತೆ, ಕೆನ್ನೆಗೆ ಕೈ ಹಿಡಿದು ಕೂರತೊಡಗಿದೆ. ಪೇಶಂಟ್ ಪಾತ್ರ. ಚೆನ್ನಾಗಿಯೇ ಮಾಡುತ್ತಿದ್ದೆ, ಆಗಾಗ 'ಅಯ್ಯೋ' ಕೂಡ ಅನ್ನುತ್ತಿದ್ದೆ.

ಎರಡು ತಿಂಗಳಾದ ಮೇಲೆ ಹೆಂಡತಿ ಸುಜಾತಾ ತರಕಾರಿ ಅಂಗಡಿಯಿಂದ ಕೆಂಡವಾಗಿ ಬಂದಳು. "ಸೊಸೈಟಿಯಲ್ಲಿ ಎಂಥ ಮಾತಾಡ್ತಾರೆ ಗೊತ್ತುಂಟಾ? ಪಾಪ ಸುವರ್ಣ ಅಂಕಲ್, ಸ್ವಂತ ಮಗಳೇ ಎರಡು ತಿಂಗಳಿಂದ ಮದ್ದು ಮಾಡಿದರೂ ಹಲ್ಲುನೋವು ಗುಣ ಆಗ್ಲಿಲ್ಲ ಅಂತೆ!"

ಅಂದಿನಿಂದ ನನಗೆ ಕ್ಲಿನಿಕ್ ಪ್ರವೇಶ ಬಂದ್.

ನಗಬೇಡಿ. ಅಥವಾ ನಗಿ, ನಾನೂ ನಗುತ್ತೇನೆ. ಆದರೆ ಅದೇ ಹೊತ್ತಿಗೆ ನಿಶ್ಮಿತಾ ನಗುವುದನ್ನು ಬಿಟ್ಟಿದ್ದಳು. ಸ್ವಂತ ಕ್ಲಿನಿಕ್ ಹಾಕುವ ಮೊದಲು ಅವಳು ಥಾಣೆಯಲ್ಲಿ ಒಬ್ಬರ ಬಳಿ, ಘನ್ಸೋಲಿಯಲ್ಲಿ ಇನ್ನೊಬ್ಬರ ಬಳಿ, ಕರೆದ ದಿನ ಹೋಗಿ ಕೆಲಸ ಮಾಡಿ ಬರುತ್ತಿದ್ದಳು. ಅದಕ್ಕೆ ಇಂಗ್ಲಿಷಿನಲ್ಲಿ ಅಸೋಸಿಯೇಟ್ ಎಂಬ ಒಳ್ಳೆಯ ಹೆಸರಿದೆ. ಈಗ ಸ್ವಂತ ಕ್ಲಿನಿಕ್ಕಿನಲ್ಲಿ ಖಾಲಿ ಖುರ್ಚಿಯನ್ನು ದಿನಾ ಬೆಳಿಗ್ಗೆ ಬಟ್ಟೆಯಿಂದ ಒರೆಸಿ, ಸಂಜೆ ಮತ್ತೆ ಒರೆಸಿ ಬರುತ್ತಾಳೆ. ಹೋದ ವಾರ ಊಟದ ಹೊತ್ತಿಗೆ ಮೆಲ್ಲಗೆ ಹೇಳಿದಳು.

"ಪಪ್ಪ, ಐಟಿ ಪಾರ್ಕ್‌ನಲ್ಲಿ ಜಾಬ್ ಮಿಲ್ ಗಯಾ. ಅಮೇರಿಕಾದವರ ಡೆಂಟಲ್ ಇನ್ಶೂರೆನ್ಸ್ ಕ್ಲೇಮ್ ಚೆಕ್ ಮಾಡುವುದು. ಸೋಮವಾರದ ಒಳಗೆ ಹೌದೋ ಅಲ್ಲವೋ ಹೇಳಬೇಕು. ಕ್ಲಿನಿಕ್ ಬಂದ್ ಕರ್ತೀ ಹೂಂ."

ಐದು ವರ್ಷ ಓದಿದ್ದು, ಪರೀಕ್ಷೆಯ ರಾತ್ರಿಗಳಲ್ಲಿ ಪ್ಲಾಸ್ಟರಿನ ದವಡೆ ಕೈಯಲ್ಲಿ ಹಿಡಿದೇ ನಿದ್ದೆಹೋದದ್ದು, ಎಲ್ಲ ಕೊನೆಗೆ ಯಾವುದೋ ಅಮೇರಿಕದವನ ಹಲ್ಲಿನ ಕಾಗದ ಕಂಪ್ಯೂಟರಿನಲ್ಲಿ ನೋಡುವುದಕ್ಕಾ? ಬೇಡ ಎನ್ನುವ ಬಾಯಿ ನನಗಿರಲಿಲ್ಲ. ಹೂಂ ಅಂದೆ. ಅವಳು ಎದ್ದು ಕೈ ತೊಳೆಯಲು ಹೋದಾಗ ನನಗೆ ನಿಜಕ್ಕೂ ಅಳು ಬಂತು.

ಇಷ್ಟಾದ ಮೇಲಾದರೂ ಬುದ್ಧಿ ಬರಬೇಕಿತ್ತಲ್ಲ? ಬರಲಿಲ್ಲ.

ಗುರುವಾರ ಮಧ್ಯಾಹ್ನ. ತುರ್ಭೆಯ ಒಂದು ಗೋಡೌನಿನಲ್ಲಿ ನಾನು ಡಿಸ್ಪ್ಯಾಚ್ ಕ್ಲರ್ಕ್ ಎಂಬುದು ನಿಮಗೆ ಗೊತ್ತಿದೆ; ಯಾವ ಟೆಂಪೋಗೆ ಯಾವ ಮಾಲು ಎಂದು ಬರೆಯುವುದು ನನ್ನ ಕೆಲಸ. ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದೆ. ಫೋನು ಬಂತು. ಡೊಂಬಿವಲಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ವಾಮನ ಭಾವ, ಅಂದರೆ ಸುಜಾತಾಳ ದೊಡ್ಡಪ್ಪನ ಮಗ.

"ಭಾವ, ಕಲ್ಯಾಣದ ಆಚೆ ಹೊಸ ಡೆಂಟಲ್ ಕಾಲೇಜು ಆಗಿದೆಯಲ್ಲ. ನಮ್ಮ ಮಗಳು ಪ್ರಾಪ್ತಿಗೆ ಅಲ್ಲಿ ಸೀಟು ಸಿಗುವ ಹಾಗೆ ಉಂಟು. ಮುಂದಿನ ವಾರ ಫೈನಲ್ ಮಾಡಬೇಕು. ಎಂಥ ಮಾಡುವುದು ಹೇಳಿ. ನಿಮ್ಮ ಆವತ್ತಿನ ಭಾಷಣ ನನಗೆ ಈಗಲೂ ಬಾಯಿಪಾಠ ಉಂಟು."

ನಿಜ ಹೇಳಲು ಇದಕ್ಕಿಂತ ಒಳ್ಳೆಯ ಅವಕಾಶ ಬೇಕಿತ್ತಾ? ನಾನು ಏನು ಹೇಳಬೇಕಿತ್ತು? 'ಭಾವ, ಇಲ್ಲಿ ಹಲ್ಲಿಗಿಂತ ಡಾಕ್ಟರು ಜಾಸ್ತಿಯಾಗಿದ್ದಾರೆ, ಸ್ವಲ್ಪ ಯೋಚನೆ ಮಾಡಿ.' ಅಷ್ಟೇ. ಆದರೆ ಮಗಳ ಕ್ಲಿನಿಕ್ ಮುಚ್ಚುತ್ತಿದೆ ಎಂದು ಹೆಂಡತಿಯ ಕಡೆಯವರಿಗೆ ಹೇಳಿಕೊಳ್ಳಲು ಯಾವ ಗಂಡಸಿಗೆ ನಾಲಿಗೆ ಬರುತ್ತದೆ? ನನಗೆ ಬರಲಿಲ್ಲ. ಗಟ್ಟಿ ದನಿಯಲ್ಲಿ ಬಿಟ್ಟೆ ನೋಡಿ. "ನಮ್ಮ ನಿಶ್ಮಿ ಈಗ ಐರೋಲಿಯಲ್ಲಿ ದೊಡ್ಡ ಕೂಲಿ ಡಾಕ್ಟರ್ ಭಾವ! ತಲೆ ತುರಿಸಿಕೊಳ್ಳಲು ಪುರುಸೊತ್ತಿಲ್ಲ. ಕೂಲಿ ಡಾಕ್ಟರ್ ಆದರೆ ಹೀಗಾಗಬೇಕು!"

ನಾವು ಮಾತಾಡುತ್ತಿದ್ದುದು ತುಳುವಿನಲ್ಲಿ. ತುಳುವಿನಲ್ಲಿ ಕೂಲಿ ಎಂದರೆ ಹಲ್ಲು. ಕೂಲಿ ಬೇನೆ ಎಂದರೆ ಹಲ್ಲುನೋವು. ಕೂಲಿ ಡಾಕ್ಟರ್ ಎಂದರೆ ಹಲ್ಲಿನ ಡಾಕ್ಟರ್. ನಮ್ಮ ಮನೆಯಲ್ಲಿ ಇದು ದಿನಬಳಕೆಯ ಮಾತು.

ಪಕ್ಕದಲ್ಲಿ ರೊಟ್ಟಿ ಮುರಿಯುತ್ತ ಕೂತಿದ್ದವನು ಶರಣಪ್ಪ. ಕಲಬುರಗಿ ಕಡೆಯವನು, ನಮ್ಮ ಗೋಡೌನಿನ ಹಮಾಲರ ಟೋಳಿಗೆ ಮುಕಾದಮ, ಅಂದರೆ ಮೂಟೆ ಹೊರುವವರ ಗುಂಪಿನ ಮೇಸ್ತ್ರಿ. ಹನ್ನೆರಡು ವರ್ಷಗಳಿಂದ ನನ್ನ ಜೊತೆ ಇರುವವನು. 'ವಣಸ್ ಆಂಡಾ ಸಾಹೇಬ್ರ?' ಎಂದು ಆಗಾಗ ನನಗೇ ತುಳುವಿನಲ್ಲಿ 'ಊಟ ಆಯ್ತಾ' ಕೇಳಿ ಕೀಟಲೆ ಮಾಡುವಷ್ಟು ಕಲಿತಿದ್ದಾನೆ. ಫೋನಿಟ್ಟ ಕೂಡಲೇ ಕೇಳಿದ.

"ಸಾಹೇಬ್ರ, ನಿಮ್ಮ ಮಗಳು ಕೂಲಿ ಡಾಕ್ಟರ್ ಅದಾರೇನ್ರಿ?"

"ಹೌದು ಮತ್ತೆ!"

"ಖರೇನ? ಕೂಲಿ ಮಂದೀಗೂ ಬ್ಯಾರೆ ಡಾಕ್ಟರ್ ಆಗ್ಯಾರಂತ ನಮಗ ಗೊತ್ತ ಇದ್ದಿದ್ದಿಲ್ಲ ನೋಡ್ರಿ."

ಈ ಕೊನೆಯ ಮಾತು ಕೇಳಿದಾಗ ನನ್ನ ತಲೆಯಲ್ಲಿ ಗಂಟೆ ಬಾರಿಸಬೇಕಿತ್ತು. ನಾನು ಉಪ್ಪಿನಕಾಯಿ ಹುಡುಕುತ್ತಿದ್ದೆ. "ಎಲ್ಲರಿಗೂ ನೋಡ್ತಾಳೆ. ನಿಮ್ಮವರಿಗೆ ಏನಿದ್ದರೂ ಕಳಿಸು, ನನ್ನ ಹೆಸರು ಹೇಳಿದರೆ ಸಾಕು" ಎಂದು ದೊಡ್ಡಸ್ತಿಕೆ ಮಾಡಿದೆ. ಶರಣಪ್ಪ ಅಡ್ರೆಸ್ ಬರೆಸಿಕೊಂಡು ಜೇಬಿಗಿಟ್ಟ.

ಭಾನುವಾರ ಅವರೆಲ್ಲ ಬಂದರು. ವಾರಕ್ಕೊಂದೇ ರಜೆ. ತುರ್ಭೆಯಿಂದ ಟ್ರೈನ್ ಹಿಡಿದು, ಒಗೆದ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಹದಿನಾಲ್ಕು ಮಂದಿ. ಪ್ರವೇಶ ಬಂದ್ ಇದ್ದುದರಿಂದ ಸುಜಾತಾಳ ಜೊತೆ ಬಾಗಿಲಲ್ಲೇ ನಿಂತು ನಾನು ಫೋಟೋ ಹೊಡೆದು ಮುಗಿಸುವಷ್ಟರಲ್ಲಿ ಒಳಗಿನಿಂದ ನಿಶ್ಮಿತಾಳ ದನಿ ಏರಿತು.

"ಅಂಕಲ್, ದಾಂತ್ ಮೇ ದರ್ದ್ ಹೈ? ಹಲ್ಲು?"

"ಹಲ್ಲ್ಯಾಕ ನೋಯ್ತಾವ್ರಿ ಅಕ್ಕಾರ? ನಡಾ ಹಿಡದದ."

ಒಬ್ಬನಿಗೆ ಸೊಂಟ ಹಿಡಿದಿತ್ತು, ಎರಡನೆಯವನ ಕಾಲಿಗೆ ಮೊಳೆ ಚುಚ್ಚಿತ್ತು. ಮೂರನೆಯವನಿಗೆ ಮೊಣಕಾಲು. ನಾಲ್ಕನೆಯವನಿಗೆ ಏನೂ ಆಗಿರಲಿಲ್ಲ, ಆದರೆ ಬಂದದ್ದಕ್ಕೆ ಒಂದು ಸಲಾಯಿನ್ ಹಚ್ಚಿಬಿಡಿ ಎಂದ. ಐದನೆಯವನು ಊರಿಗೆ ಹೋಗಲು ಸಿಕ್ ಸರ್ಟಿಫಿಕೇಟ್ ಕೇಳಿದ.

"ಇದು ಹಲ್ಲಿನ ಕ್ಲಿನಿಕ್, ಭಯ್ಯಾ! ಓನ್ಲಿ ಹಲ್ಲು!"

ಎಲ್ಲರೂ ಶರಣಪ್ಪನ ಮುಖ ನೋಡಿದರು. ಶರಣಪ್ಪ ನನ್ನ ಮುಖ ನೋಡಿದ. "ಹಂಗ್ಯಾಕಂತೀರಿ? ಸಾಹೇಬ್ರ ಹೇಳ್ಯಾರಲ್ರಿ, ನೀವು ಕೂಲಿ ಡಾಕ್ಟರ್ ಅಂತ. ನಾವು ಕೂಲಿ ಮಂದೀನ ಅದೀವಿ."

ನಿಶ್ಮಿತಾ ನಿಧಾನವಾಗಿ ನನ್ನ ಕಡೆ ತಿರುಗಿದಳು. ನಾನು ನೆಲ ನೋಡಿದೆ. ಟೈಲ್ಸ್ ಬಹಳ ಚೆನ್ನಾಗಿದ್ದವು.

"ಪಪ್ಪ. ಯೇ ಕ್ಯಾ ತಮಾಶಾ ಹೈ?"

ತುಳುವಿನ ಕೂಲಿಗೂ ಕನ್ನಡದ ಕೂಲಿಗೂ ಇರುವ ವ್ಯತ್ಯಾಸವನ್ನು ಹದಿನಾಲ್ಕು ಜನರೆದುರು ನಿಂತು ವಿವರಿಸುವ ಯೋಗ ನನ್ನ ಹಣೆಯಲ್ಲಿ ಬರೆದಿತ್ತು. ವಿವರಿಸಿದೆ. ಕೆಲವರು ನಕ್ಕರು. ಶರಣಪ್ಪ ನಗಲಿಲ್ಲ. ಇಷ್ಟು ಜನರನ್ನು ಅವನ ಮಾತಿನ ಮೇಲೆ ಕರೆದುಕೊಂಡು ಬಂದಿದ್ದ. ಅವರ ರಜೆ ಹಾಳಾಗಿತ್ತು, ಅವನ ಮರ್ಯಾದೆ ಹೋಗಿತ್ತು. "ಇರ್ಲಿ ಬಿಡ್ರಿ, ನಮ್ಮ ತಪ್ಪ. ನಡೀರಿ ಎಲ್ಲಾರೂ" ಎಂದು ಚಪ್ಪಲಿ ಮೆಟ್ಟಿದ. ಆ ಒಂದು ಮಾತಿಗೆ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಆಗ ಮರ್ಯಾದೆ ಉಳಿಸಿದವಳು ಸುಜಾತಾ. "ಮನೆ ಬಾಗಿಲಿಗೆ ಬಂದವರನ್ನು ಹಾಗೇ ಕಳಿಸುವುದುಂಟಾ? ಎಲ್ಲರೂ ಕೂತ್ಕೊಳ್ಳಿ" ಎಂದು ಹೇಳಿ ನನ್ನನ್ನು ಮೂಲೆಯ ಗಾಡಿಗೆ ಓಡಿಸಿದಳು. ಬಿಸಿ ವಡಾಪಾವ್, ಕಟಿಂಗ್ ಚಾ. ಕೂರಲು ಜಾಗ ಸಾಲದೆ ಕೆಲವರು ಮೆಟ್ಟಿಲ ಮೇಲೆ ಕೂತರು. ಚಾ ಕುಡಿಯಲು ಮೇಲಿನಿಂದ ಮಾನಸಿಯೂ ಬಂದಳು.

ಎಲ್ಲರೂ ತಿಂದರು. ಮಲ್ಲಪ್ಪ ಎಂಬ ಒಬ್ಬ ಮಾತ್ರ ವಡಾಪಾವನ್ನು ಕೈಯಲ್ಲಿ ಹಿಡಿದು ಉಗುರಿನಷ್ಟು ಉಗುರಿನಷ್ಟೇ ಚಿವುಟಿ ಬಾಯಿಗಿಡುತ್ತಿದ್ದ. ಮೂವತ್ತರ ಒಳಗಿನ ಪ್ರಾಯ, ಎರಡು ಮೂಟೆ ಒಟ್ಟಿಗೆ ಹೊರುವ ಭುಜ. ಹಸಿರು ಚಟ್ನಿಯನ್ನೆಲ್ಲ ಕಾಗದಕ್ಕೆ ಒರೆಸಿಟ್ಟಿದ್ದ. ನಾನು ಅದನ್ನು ನೋಡಿ ಪಾಪ ಸಂಕೋಚ ಅಂದುಕೊಂಡೆ. ನಿಶ್ಮಿತಾ ಚಾ ಲೋಟ ಕೆಳಗಿಟ್ಟಳು.

"ಅಣ್ಣ, ಯಾಕೆ ಹಾಗೆ ತಿನ್ನೋದು?"

ನಾನು ಬೆಚ್ಚಿದೆ. ಮಗಳು ಹಿಂದಿ ಬೆರೆಸದೆ ಕನ್ನಡ ಮಾತಾಡಿದ್ದಳು! ಮನೆಯಲ್ಲಿ ನಾವು ತುಳುವಿನಲ್ಲಿ ಕೇಳಿದರೆ ಅರ್ಧ ಹಿಂದಿಯಲ್ಲಿ ಉತ್ತರ ಕೊಡುವವಳು.

"ಕಚ್ಚಾಕ ಬರಂಗಿಲ್ರಿ ಅಕ್ಕಾರ. ಬಾಯಾಗ ಹಿಡಸಂಗಿಲ್ಲ. ಖಾರ ತಿಂದ್ರ ಉರೀತದ."

"ಎಷ್ಟು ದಿನ ಆಯ್ತು?"

"ಒಂದ ವರ್ಷ ಆತೇನೋ. ಮೂಟಿ ಹೊತ್ತು ಹೊತ್ತು ದವಡಿ ಬಿಗದದ ಅಂದ್ಕೊಂಡಿದ್ದೆ."

ಅವನನ್ನು ಖುರ್ಚಿಗೆ ಕೂರಿಸಿದಳು. ಬಾಯಿ ತೆರೆಯಲು ಹೇಳಿದಳು. ತೆರೆದ, ಇಷ್ಟೇ ಇಷ್ಟು. ಮೂರು ಬೆರಳು ಜೋಡಿಸಿ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ನಿಲ್ಲಿಸಿಕೋ ಎಂದಳು. ಒಂದು ಬೆರಳು ಹೋಯಿತು. ಎರಡನೆಯದು ಹೋಗಲಿಲ್ಲ. ಸುಪಾರಿ ಪುಡಿ, ಗುಟ್ಕಾ ಜಗಿದು ಜಗಿದು ಕೆನ್ನೆಯ ಒಳಗಿನ ಚರ್ಮ ಬಿಗಿದುಕೊಂಡುಬಿಟ್ಟಿದೆ, ಈಗಲೂ ನಿಲ್ಲಿಸದಿದ್ದರೆ ಮುಂದೆ ಕ್ಯಾನ್ಸರಿಗೆ ತಿರುಗಬಹುದು ಎಂದು ಅವನಿಗೆ ತಿಳಿಯುವಂತೆ ಹೇಳುವಷ್ಟು ಕನ್ನಡ ಅವಳಲ್ಲಿರಲಿಲ್ಲ. ಅರ್ಧ ಅವಳು ಹೇಳಿದಳು, ಅರ್ಧ ನಾನು, ನಾನು ಹೇಳಿದ್ದನ್ನು ಶರಣಪ್ಪ ತನ್ನ ಕನ್ನಡಕ್ಕೆ ತಿರುಗಿಸಿದ. ಮಲ್ಲಪ್ಪ ಜೇಬಿನಿಂದ ಪುಡಿಕೆ ತೆಗೆದು ನೋಡಿದ, ಮತ್ತೆ ಜೇಬಿಗೇ ಇಟ್ಟುಕೊಂಡ. ಆಮೇಲೆ ತೆಗೆದು ಟೇಬಲ್ಲಿನ ಮೇಲಿಟ್ಟ.

ಆ ಮೇಲೆ ಒಬ್ಬೊಬ್ಬರಾಗಿ ಹದಿನಾಲ್ಕು ಬಾಯಿ. ನಿಶ್ಮಿತಾ ನೋಡಿದಳು, ಮಾನಸಿ ಬರೆದುಕೊಂಡಳು. ಎಲ್ಲರೂ ಮೂರು ಬೆರಳು ಇಟ್ಟು ನೋಡುತ್ತಿದ್ದುದರಿಂದ ನಾನೂ ಇಟ್ಟು ನೋಡಿದೆ. ನನ್ನದು ಸಲೀಸಾಗಿ ಹೋಯಿತು. "ನಿಮಗೆ ಬಾಯಿ ತೆರೆಯುವುದಕ್ಕೆ ಯಾವಾಗ ಕಷ್ಟ ಆದದ್ದು? ಮುಚ್ಚುವುದಕ್ಕೆ ಮದ್ದು ಉಂಟಾ ಕೇಳಿ" ಎಂದಳು ಸುಜಾತಾ.

ಮಲ್ಲಪ್ಪನಿಗೂ ಇನ್ನೊಬ್ಬನಿಗೂ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದಳು. ಮೊಳೆ ಚುಚ್ಚಿದವನನ್ನು ಪಕ್ಕದ ರಸ್ತೆಯ ಡಾಕ್ಟರ ಬಳಿಗೆ ಇಂಜೆಕ್ಷನ್ನಿಗೆ ಕಳಿಸಿದಳು. ಐದು ಜನರಿಗೆ ಹುಳುಕು, ಮೂವರಿಗೆ ಒಸಡಿನಲ್ಲಿ ಕೀವು. ನೋವಿಲ್ಲವೇ ಎಂದರೆ ಇದೆ, ಆದರೆ ಅದೆಂಥ ನೋವು, ಹಲ್ಲು ತಾನೇ ಎನ್ನುವವರು. (ಒಬ್ಬರಿಗೂ ಹಲ್ಲುನೋವಿರಲಿಲ್ಲ ಎಂದು ಮೇಲೆ ಬರೆದದ್ದನ್ನು ತಿದ್ದಿಕೊಳ್ಳಿ. ಅವರು ಹೇಳಿರಲಿಲ್ಲ, ಅಷ್ಟೆ.)

ಹೊರಡುವಾಗ ಶರಣಪ್ಪ ಬಾಗಿಲಲ್ಲಿ ನಿಂತು ಎದುರಿನ ಬೋರ್ಡು, ಮೇಲಿನ ಬೋರ್ಡು, ಆಚೆಯ ಬೋರ್ಡು ನೋಡಿದ. ಎಲ್ಲದರಲ್ಲೂ ಹಲ್ಲಿನ ಚಿತ್ರ. "ಇವರೆಲ್ಲಾ ಹಲ್ಲಿನ ಡಾಕ್ಟರೇನ್ರಿ ಅಕ್ಕಾರ?"

"ಹೌದು ಅಣ್ಣ."

"ಇಷ್ಟ ಮಂದಿ ಒಂದ ಓಣ್ಯಾಗ ಕುಂತು ಏನ ಮಾಡ್ತಾರ್ರಿ? ನಮ್ಮ ಕಡೆ ಒಬ್ಬರೂ ಇಲ್ಲಲ್ರಿ."

ನಿಶ್ಮಿತಾ ತಾನೂ ಆ ಬೋರ್ಡುಗಳನ್ನು ಎಣಿಸುವವಳಂತೆ ನೋಡಿದಳು. ಅವನು ಸುಮ್ಮನೆ ಕೇಳಿದ, ಚುಚ್ಚಲು ಕೇಳಿದ್ದಲ್ಲ. ನಾವು ಓದಿದವರು ಇದಕ್ಕೆ 'ಓವರ್‌ಸಪ್ಲೈ' ಎನ್ನುತ್ತೇವೆ. ಹೊಸ ಕಾಲೇಜುಗಳು ಆಗುತ್ತಲೇ ಇವೆ, ಡಾಕ್ಟರು ಹೆಚ್ಚಾದರು, ನಿಲ್ಲಿಸಿ ಎಂದು ಒಂದು ಕಡೆ ಕೂಗು. ಕೂಗುವವರಲ್ಲಿ ನಾನೂ ಒಬ್ಬ. ಆದರೆ ಹೆಚ್ಚಾದದ್ದು ಎಲ್ಲಿ ಸ್ವಾಮಿ? ನಮ್ಮ ಸ್ಟೇಷನ್ ರೋಡಿನಲ್ಲಿ. ಟ್ರೈನಿನಲ್ಲಿ ನಾಲ್ಕು ಸ್ಟೇಷನ್ ಆಚೆ ತುರ್ಭೆಯ ಜೋಪಡಿ ವಸ್ತಿಯಲ್ಲಿ ಮಲ್ಲಪ್ಪನ ಬಾಯಿ ಒಂದು ವರ್ಷದಿಂದ ಮುಚ್ಚುತ್ತ ಬಂದಿದ್ದನ್ನು ನೋಡಿದವರು ಯಾರೂ ಇಲ್ಲ. ದಿನಾ ಅವನೆದುರು ಕೂತು ಡಬ್ಬಿ ತಿನ್ನುವ ನಾನೂ ನೋಡಿಲ್ಲ. ಮಾಲಿನ ಮೇಲೆ ಗೀರು ಬಿದ್ದರೆ ದೂರದಿಂದ ಕಾಣುತ್ತದೆ ನನಗೆ.

ಹಾಗಂತ ಎಲ್ಲ ಡೆಂಟಿಸ್ಟರೂ ನಾಳೆ ತುರ್ಭೆಗೆ ಹೋಗಿ ಎನ್ನುವುದು ಸುಲಭ. ಅಲ್ಲಿ ಕ್ಲಿನಿಕ್ ಹಾಕಿದರೆ ಹೊಟ್ಟೆ ತುಂಬುತ್ತದಾ? ಗೊತ್ತಿಲ್ಲ. ಹೊಟ್ಟೆ ತುಂಬುವುದಿಲ್ಲ ಎಂದೇ ಯಾರೂ ಹೋಗಿಲ್ಲ.

ಆದರೆ ಗೊತ್ತಿಲ್ಲದ ವಿಷಯದಲ್ಲಿ ಸಲಹೆ ಕೊಡದೆ ಇರುವುದು ನನ್ನ ಜಾಯಮಾನದಲ್ಲೇ ಇಲ್ಲವಲ್ಲ. ಅವರೆಲ್ಲ ಹೋದ ಮೇಲೆ ನಿಶ್ಮಿತಾ ಟ್ರೇ ತೊಳೆಯುತ್ತಿದ್ದಳು. ನಾನು ಹಿಂದೆಯೇ ನಿಂತು ಶುರುಮಾಡಿದೆ. ಮಗಳೇ, ಕಂಪನಿಗೆ ನಾಳೆ ಆಗುವುದಿಲ್ಲ ಎಂದು ಹೇಳಿಬಿಡು. ತುರ್ಭೆಯಲ್ಲಿ ಕ್ಲಿನಿಕ್ ಹಾಕು. ನಾನು ಶರಣಪ್ಪನಿಗೆ ಹೇಳಿ ಜಾಗ ನೋಡಿಸುತ್ತೇನೆ. ಕನ್ನಡದಲ್ಲಿ ಬೋರ್ಡು ಬರೆಸುತ್ತೇನೆ. ಪೇಪರಿನಲ್ಲಿ ಬರೆಯುತ್ತೇನೆ. ಉದ್ಘಾಟನೆಗೆ ಯಾರನ್ನು ಕರೆಯೋಣ...

ಅವಳು ನಲ್ಲಿ ನಿಲ್ಲಿಸಿದಳು.

"ಪಪ್ಪ, ಒಂದು ಕೇಳ್ತೇನೆ. ನಿಂಗೆ ಹಲ್ಲಿನ ಕೆಲಸ ಇಷ್ಟಾನಾ ಅಂತ ನೀನು ನನ್ನನ್ನು ಯಾವತ್ತಾದ್ರೂ ಕೇಳಿದ್ದೀಯಾ? ಫಾರ್ಮ್ ನೀನು ತುಂಬಿದೆ. ಬೋರ್ಡಿನ ಕಲರ್ ನೀನು ಹೇಳಿದೆ. ಪೇಶಂಟ್ ಕೂಡ ನೀನೇ ಆದೆ. ಅಬ್ ತುರ್ಭೆ ಭೀ ತೂ ಹೀ ಡಿಸೈಡ್ ಕರೇಗಾ?"

ಸಿಟ್ಟಿನಿಂದ ಹೇಳಿದ್ದರೆ ನಾನೂ ಸಿಟ್ಟು ಮಾಡಬಹುದಿತ್ತು. ಅವಳು ಸಿಟ್ಟು ಮಾಡಲಿಲ್ಲ. ಕೈ ಒರೆಸಿಕೊಳ್ಳುತ್ತ, ನನ್ನನ್ನು ನೋಡದೆ ಹೇಳಿದಳು.

ನಾನು ಕೇಳಿರಲಿಲ್ಲ. ಒಂದು ದಿನವೂ ಇಲ್ಲ. ಎಲ್ಲರೆದುರು 'ನನ್ನ ಮಗಳು ಡೆಂಟಿಸ್ಟ್' ಎಂದು ಹೇಳಿಕೊಳ್ಳುವಾಗ ನನಗೆ ಆಗುತ್ತಿದ್ದ ಖುಷಿಯನ್ನೇ ಅವಳ ಖುಷಿ ಎಂದುಕೊಂಡಿದ್ದೆ. ಆ ಹುಡುಗಿ ಖಾಲಿ ಖುರ್ಚಿಯ ಪಕ್ಕ ಕೂತು ಕಳೆದ ದಿನಗಳೆಲ್ಲ ನನ್ನ ಒಂದು ಸಂಜೆಯ ಚಪ್ಪಾಳೆಗೆ ತೆತ್ತದ್ದು.

"ಈಗ ಕೇಳ್ತೇನೆ" ಎಂದೆ. "ಇಷ್ಟ ಉಂಟಾ ಮಗಾ?"

ಅವಳು ತೊಳೆದ ಟ್ರೇಯನ್ನು ಒರೆಸಿ ಕಪಾಟಿನಲ್ಲಿಟ್ಟಳು.

"ಇವತ್ತಿನ ತನಕ ಇರಲಿಲ್ಲ" ಎಂದಳು. "ಇವತ್ತು ಮಲ್ಲಪ್ಪನ ಬಾಯಿ ನೋಡುವಾಗ ಮೊದಲ ಸಲ ಅನ್ನಿಸಿತು, ಇದು ನಂಗೆ ಬರ್ತದೆ ಅಂತ."

ನಾನು ಬಾಯಿ ತೆರೆದೆ. ಮುಚ್ಚಿದೆ. (ಸುಜಾತಾ ಸಾಕ್ಷಿ.)

ಸೋಮವಾರ ಬೆಳಿಗ್ಗೆ ನಿಶ್ಮಿತಾ ಕಂಪನಿಗೆ ಉತ್ತರ ಬರೆದಳು. ಏನು ಬರೆಯುತ್ತೀ ಎಂದು ನಾನು ಕೇಳಲಿಲ್ಲ, ಹೆಗಲ ಮೇಲಿಂದ ಇಣುಕಲೂ ಇಲ್ಲ. ಎಷ್ಟು ಕಷ್ಟವಾಯಿತು ಎಂಬುದು ನನ್ನ ಉಗುರುಗಳಿಗೆ ಗೊತ್ತು. ಮೇಲ್ ಕಳಿಸಿ ಅವಳೇ ಹೇಳಿದಳು, ಕೆಲಸ ಬೇಡ ಅಂದಿದ್ದಾಳೆ. ಐರೋಲಿಯ ಕ್ಲಿನಿಕ್ಕಿನ ಮಳಿಗೆ ತಿಂಗಳ ಕೊನೆಗೆ ಬಿಟ್ಟುಕೊಡುತ್ತಾಳೆ. ವಾರಕ್ಕೆ ಮೂರು ದಿನ ಮಾನಸಿಯ ಜೊತೆ ಮೇಲಿನ ಕ್ಲಿನಿಕ್ಕಿನಲ್ಲಿ, ಉಳಿದ ದಿನ ತುರ್ಭೆಯಲ್ಲಿ. ವಸ್ತಿಯ ಗಣಪತಿ ಮಂಡಳದ ಕೋಣೆ ಹಬ್ಬದ ದಿನಗಳು ಬಿಟ್ಟರೆ ವರ್ಷವಿಡೀ ಖಾಲಿ ಇರುತ್ತದಂತೆ. ಶರಣಪ್ಪನ ಹತ್ತಿರ ಅವಳೇ ಫೋನಿನಲ್ಲಿ ಮಾತಾಡಿದ್ದಾಳೆ. ಆರು ತಿಂಗಳು ನೋಡುತ್ತಾಳಂತೆ. ಆಮೇಲೆ? ಅವಳಿಗೂ ಗೊತ್ತಿಲ್ಲ. ರಾತ್ರಿ ನಿದ್ದೆ ಬರದೆ ಹೊರಳಾಡುತ್ತಿರುವುದು ನಾನು. ಅವಳು ಚೆನ್ನಾಗಿ ಗೊರಕೆ ಹೊಡೆಯುತ್ತಾಳೆ.

ನನಗೆ ಇನ್ನೊಂದು ಕೆಲಸ ಉಳಿದಿತ್ತು. ಅದೇ ಮಧ್ಯಾಹ್ನ ಗೋಡೌನಿನ ಹೊರಗೆ ಬಂದು, ಯಾರೂ ಪಕ್ಕದಲ್ಲಿಲ್ಲ ಎಂದು ಎರಡೆರಡು ಸಲ ನೋ‌ಡಿಕೊಂಡು, ಡೊಂಬಿವಲಿಗೆ ಫೋನು ಹಚ್ಚಿದೆ. "ವಾಮನ ಭಾವ, ಮೊನ್ನೆ ನಾನು ಹೇಳಿದ್ದೆಲ್ಲ ಸುಳ್ಳು. ನಿಶ್ಮಿಗೆ ಪೇಶಂಟೇ ಇರಲಿಲ್ಲ. ಕ್ಲಿನಿಕ್ ಮುಚ್ಚುತ್ತಿದ್ದೇವೆ. ನನ್ನ ಭಾಷಣ ಕೇಳಿ ಸೇರಿಸಬೇಡಿ, ನನ್ನ ಈ ಫೋನು ಕೇಳಿ ಬಿಡಿಸಲೂ ಬೇಡಿ" ಎಂದೆ.

ಆ ಕಡೆ ಅವರು ಜೆರಾಕ್ಸ್ ಮೆಶಿನ್ ನಿಲ್ಲಿಸಿದ್ದು ಕೇಳಿಸಿತು.

"ಹಾಗಾದ್ರೆ ಎಂಥ ಮಾಡುವುದು ಈಗ?" ಎಂದರು.

"ಪ್ರಾಪ್ತಿಯನ್ನು ಕೂರಿಸಿಕೊಂಡು ಒಮ್ಮೆ ಕೇಳಿ ಭಾವ."

"ಅವಳನ್ನೆಂಥ ಕೇಳುವುದು?" ವಾಮನ ಭಾವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಸೀಟು ಹಿಡಿದದ್ದು ನಾನಲ್ವಾ ಮಾರಾಯ್ರೇ?"